ಎರಡು ಗಂಟೆಯ ಶ್ರುತಿ

ಸ್ಟುಡಿಯೋದ ಕೀಬೋರ್ಡಿನವರು ಅದೇ ಬಿಳಿ ಕೀಯನ್ನು ಮೂರನೆಯ ಸಲ ಒತ್ತಿ ಹಿಡಿದರು. ಪಂಚಾಕ್ಷರಿ ಗಿಟಾರಿನ ದಪ್ಪ ತಂತಿಯನ್ನು ಮತ್ತೆ ಮೀಟಿದ. ಎರಡು ನಾದಗಳೂ ಅಕ್ಕಪಕ್ಕ ನಿಂತವು, ಕೂಡಲಿಲ್ಲ. ಒಂದೇ ವಠಾರದಲ್ಲಿ ಮಾತು ಬಿಟ್ಟ ಎರಡು ಸಂಸಾರಗಳಂತೆ ಒಂದರ ಮೈಗೆ ಇನ್ನೊಂದು ಉಜ್ಜುತ್ತ, ಕೋಣೆಯಲ್ಲೆಲ್ಲ ಒಂದು ನಡುಕ ಎಬ್ಬಿಸಿದವು.

“ಯಾವ ಶ್ರುತಿಯಪ್ಪಾ ಇದು?” ಅಂದರು ಅವರು. ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ಬೆರಳು ಸವೆಸಿದ ಮನುಷ್ಯ. ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು. “ಬಿಳಿ ಮೂರೂ ಅಲ್ಲ, ಕಪ್ಪು ಎರಡೂ ಅಲ್ಲ. ಎರಡರ ಮಧ್ಯೆ ಎಲ್ಲೋ ಬಸ್ಸು ಕೆಟ್ಟು ನಿಂತಂಗಿದೆ.”

“ನಮ್ಮದು ಮೊದ್ಲಿಂದ ಇದೇ ಸಾರ್,” ಅಂದ ಅಂಜಿ. ಪೂರ್ತಿ ಹೆಸರು ಅಂಜಿನಯ್ಯ, ಹಾಡುವವನು.

“ಮೊದ್ಲಿಂದ ಅಂದ್ರೆ? ಯಾರು ಕೊಟ್ಟಿದ್ದು?”

ಅಂಜಿ ಪಂಚಾಕ್ಷರಿಯ ಮುಖ ನೋಡಿದ. ಪಂಚಾಕ್ಷರಿ ತಂತಿ ನೋಡಿದ. ಡ್ರಮ್ಮಿನ ಹಿಂದಿನಿಂದ ನಾಗರಾಜು ಹೇಳಿದ, “ಮಿಲ್ಲಿನ ಸೈರನ್ ಸಾರ್.”

ಕೀಬೋರ್ಡಿನವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಗಾಜಿನ ಆಚೆ ಕುಳಿತಿದ್ದ ರೆಕಾರ್ಡಿಂಗಿನವರೂ ನಕ್ಕದ್ದು ಕಾಣಿಸಿತು, ಕೇಳಿಸಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಹಾಡಿನ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಜಗದಾಂಬಾ ಮಾತ್ರ ತನ್ನ ಕುತ್ತಿಗೆಯನ್ನು ಯಾರೋ ಬೆರಳು ಮಾಡಿ ತೋರಿಸಿದಂತೆ ಸೆರಗನ್ನು ಮೇಲಕ್ಕೆ ಎಳೆದುಕೊಂಡಳು. ಸೈರನ್ನು ಎಂದು ನಾಗರಾಜು ಹೇಳಿದ್ದು ಅರ್ಧ ನಿಜ. ಎರಡು ವರ್ಷದಿಂದ ಆ ಸೈರನ್ನು ಇದ್ದದ್ದು ಅವಳ ಗಂಟಲಿನಲ್ಲಿ.

ಅವಳು ಪಂಚಾಕ್ಷರಿಯ ತಂಗಿ. ಬಿ.ಎ. ಮುಗಿಸಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ಹೊಸಹಳ್ಳಿಯಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದಳು, ಮಧ್ಯಾಹ್ನ ತಾಯಿ ಶಿವಗಂಗಮ್ಮನ ಜೊತೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಯಾರಾದರೂ ಮನೆಗೆ ಬಂದರೆ ನೀರು ಕೊಟ್ಟು ಅಡುಗೆಮನೆ ಸೇರುವ ಹುಡುಗಿ. ತಂಡದ ಹಾಡುಗಳೆಲ್ಲ ಅವಳು ಬರೆದವು ಎಂದು ಬೀದಿಯವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಅವಳೂ ಹೇಳಲು ಹೋಗಿರಲಿಲ್ಲ.

ತಂಡದ ಹೆಸರು ‘ಸೆಕೆಂಡ್ ಶಿಫ್ಟ್’. ಕಾಮಾಕ್ಷಿಪಾಳ್ಯದಲ್ಲಿ ನಾಗರಾಜುವಿನ ಸೋದರಮಾವನದೊಂದು ಲೇತ್ ಶೆಡ್ಡಿತ್ತು. ಶುಕ್ರವಾರ ಅದಕ್ಕೆ ರಜೆ. ಆ ದಿನ ಲೇತಿನ ಮೇಲೆ ಗೋಣಿಚೀಲ ಹೊದಿಸಿ, ಕಬ್ಬಿಣದ ಸಿಪ್ಪೆಗಳನ್ನು ಗುಡಿಸಿ ಒಂದು ಮೂಲೆಗೆ ಮಾಡಿ, ಹುಡುಗರು ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಸೇರುತ್ತಿದ್ದರು. ದಂಡು ಪ್ರದೇಶದ ಕಡೆಯ ಬ್ಯಾಂಡುಗಳವರಿಗೆ ಇಂಗ್ಲಿಷ್ ಹಾಡಿತ್ತು, ಪಿಯಾನೋ ಇದ್ದ ಮನೆಗಳಿದ್ದವು. ಇವರಿಗೆ ಇದ್ದದ್ದು ಯಾರೋ ಕೈಬಿಟ್ಟ ಒಂದು ಗಿಟಾರು, ಶಾಮಿಯಾನದ ಅಂಗಡಿಯವರು ಹರಿದುಹೋಗಿದೆ ಎಂದು ಎಸೆದ ಒಂದು ಸ್ಪೀಕರು. ಆ ಹರಿದ ಸ್ಪೀಕರಿನಲ್ಲಿ ಗಿಟಾರು ಗೊರಗೊರ ಎನ್ನುತ್ತಿತ್ತು. ಅದನ್ನು ಕೇಳಿ ಪಂಚಾಕ್ಷರಿ, “ಇದೇ ಗುರು, ಇದೇ ರಾಕ್,” ಎಂದು ಕುಣಿದಿದ್ದ. ದಪ್ಪ ತಂತಿಯನ್ನು ಯಾವ ಶ್ರುತಿಗೆ ಇಡಬೇಕು ಎನ್ನುವುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಹಾರ್ಮೋನಿಯಂ ಯಾರ ಮನೆಯಲ್ಲೂ ಇರಲಿಲ್ಲ. ಅದೇ ಹೊತ್ತಿಗೆ ಮಾಗಡಿ ರಸ್ತೆಯ ಆಚೆಯ ಬಟ್ಟೆ ಮಿಲ್ಲಿನಲ್ಲಿ ಎರಡನೇ ಪಾಳಿಯ ಸೈರನ್ನು ಕೂಗಿತ್ತು. ಮೊದಲು ಕೆಳಗಿನಿಂದ ಏರಿ, ಆಮೇಲೆ ಒಂದು ಎತ್ತರದಲ್ಲಿ ಅಲುಗಾಡದೆ ಪೂರ್ತಿ ಒಂದು ನಿಮಿಷ. ಪಂಚಾಕ್ಷರಿ ಅದಕ್ಕೆ ತಂತಿ ಬಿಗಿದ. ಅಂದಿನಿಂದ ಪ್ರತಿ ಶುಕ್ರವಾರ ಅದೇ. ಆ ಒಂದು ನಿಮಿಷದೊಳಗೆ ದಪ್ಪ ತಂತಿ ಕೂಡಿಸಬೇಕು, ತಪ್ಪಿದರೆ ರಾತ್ರಿ ಹತ್ತರವರೆಗೆ ಸೈರನ್ನಿಲ್ಲ.

ಅಂಜಿಯ ಅಪ್ಪ ಆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಜಗದಾಂಬಾಳ ಅಪ್ಪ ರೇವಣಸಿದ್ದಪ್ಪ ನೂಲಿನ ಖಾತೆಯಲ್ಲಿದ್ದರು. ದಾವಣಗೆರೆಯಲ್ಲಿ ಕಲಿತ ಕೆಲಸ ಹಿಡಿದುಕೊಂಡು ಮದುವೆಯಾದ ವರ್ಷ ಇಲ್ಲಿಗೆ ಬಂದವರು. ಎಂಬತ್ತೈದರ ಬೇಸಗೆಯಲ್ಲಿ ಮಿಲ್ಲಿಗೆ ಲಾಕೌಟಾಯಿತು. ಅದರ ಮರುಶುಕ್ರವಾರ ಹುಡುಗರು ಅಭ್ಯಾಸ ತಪ್ಪದೆ ಶೆಡ್ಡಿನಲ್ಲಿ ನಿಂತಿದ್ದರು. ಊಟದ ಡಬ್ಬಿ ತಂದಿದ್ದ ಜಗದಾಂಬಾ ಬಾಗಿಲ ಹತ್ತಿರ ಇದ್ದಳು. ಎರಡು ಗಂಟೆಯಾಯಿತು. ಪಂಚಾಕ್ಷರಿ ತಂತಿ ಬಿಗಿಯುವ ಬಿರಡೆಯ ಮೇಲೆ ಬೆರಳಿಟ್ಟುಕೊಂಡು ಕಾದ. ಎರಡೂ ಐದು ಆಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಅವಳಿಗೇ ಅರಿವಿಲ್ಲದೆ, ಗೋಡೆಯ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡೇ ಜಗದಾಂಬಾ ಆ ನಾದ ಹಿಡಿದಿದ್ದಳು. ಹುಟ್ಟಿದ ದಿನದಿಂದ ದಿನಕ್ಕೆ ಮೂರು ಸಲ ಕೇಳಿದ್ದು. ಹುಡುಕಬೇಕಾಗಿರಲಿಲ್ಲ, ಅಲ್ಲೇ ಇತ್ತು. ಪಂಚಾಕ್ಷರಿ ಮೀಟಿದ. ತಂತಿ ಒಂದಿಷ್ಟೂ ಆಚೀಚೆ ಆಗದೆ ಅವಳ ದನಿಯೊಳಗೆ ಹೋಗಿ ಕೂತಿತು.

“ಅಮ್ಮಾ ತಾಯಿ,” ಅಂದ ನಾಗರಾಜು ಮೆಲ್ಲಗೆ, “ಮಿಲ್ಲು ನಿಮ್ಮನೇಲೇ ಇಟ್ಕೊಂಡಿದ್ರಾ?”

ಅಲ್ಲಿಂದ ಅದು ಅವಳ ಕೆಲಸವಾಯಿತು. ‘ಶ್ರುತಿ ಕೊಡು ಜಗದಾ’ ಎಂದು ಅಣ್ಣ ಅಂದರೆ ಗೋಡೆಯ ಕಡೆ ತಿರುಗುವಳು, ಕೊಡುವಳು, ಡಬ್ಬಿ ಜೋಡಿಸಿಕೊಂಡು ಮೂಲೆಗೆ ಹೋಗುವಳು. ಆ ಬೇಸಗೆಯಲ್ಲೇ ಮಿಲ್ಲಿನ ಹಾಡನ್ನೂ ಬರೆದಳು. ಹೋದ ನವೆಂಬರಿನಲ್ಲಿ ವಿಜಯನಗರದ ರಾಜ್ಯೋತ್ಸವದ ಪೆಂಡಾಲಿನಲ್ಲಿ ಅದನ್ನು ಹಾಡಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಕ್ಯಾಸೆಟ್ ಕಂಪನಿಯ ರಾಮಯ್ಯನವರು ವೇದಿಕೆಯ ಹಿಂದೆ ಬಂದು ಪಂಚಾಕ್ಷರಿಯ ಕೈ ಹಿಡಿದುಕೊಂಡಿದ್ದರು. ಹಾಗೆ ಇವತ್ತು ಈ ಸ್ಟುಡಿಯೋ. ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಒಂದು ಮನೆಯ ಮಹಡಿ, ಗೋಡೆಗೆಲ್ಲ ನಾರಿನ ಹಲಗೆ, ಕಿಟಕಿಯೇ ಇಲ್ಲ.

“ಕೀಬೋರ್ಡಿನ ಹಿಂದೆ ತಿರುಪು ಇರುತ್ತಂತಲ್ಲ ಸಾರ್,” ಅಂದ ಅಂಜಿ. “ನಿಮ್ಮದನ್ನೇ ಒಂಚೂರು ಇಳಿಸಿದ್ರೆ?”

“ಇಳಿಸ್ತೀನಪ್ಪ. ನಾಳೆ ಕೊಳಲಿನವರು ಬಂದು ಇದೇ ಟೇಪಿನ ಮೇಲೆ ನುಡಿಸ್ತಾರೆ. ಅವರ ಬಿದಿರಿಗೆ ತಿರುಪು ಎಲ್ಲಿ ಹುಡುಕ್ಲಿ?” ಕೀಬೋರ್ಡಿನವರು ಬೀಡಿ ಸೇದಲು ಎದ್ದರು. “ಒಂದು ಕೂದಲೆಳೆಯಷ್ಟು ಏರಿಸ್ಕೊಳ್ಳಿ. ಅಷ್ಟಕ್ಕೆ ಲೋಕ ಮುಳುಗಲ್ಲ.”

ಅಷ್ಟರಲ್ಲಿ ರಾಮಯ್ಯನವರು ಬಂದರು. ಬಿಳಿ ಸಫಾರಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಎಲ್ಲರಿಗೂ ತಾವೇ ಹಂಚಿದರು. ಕೆಟ್ಟ ಮನುಷ್ಯರಲ್ಲ, ದೇವರ ನಾಮ, ಹರಿಕಥೆಗಳ ಕ್ಯಾಸೆಟ್ಟುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮಾರುತ್ತ ಮೇಲೆ ಬಂದವರು. ಯಾವ ಹಾಡು ಯಾವ ಅಂಗಡಿಯಲ್ಲಿ ಎಷ್ಟು ಸಲ ತಿರುಗುತ್ತದೆ ಎನ್ನುವುದು ಅವರಿಗೆ ಅಂಗೈಯಲ್ಲಿ ಕಂಡಂತೆ ಕಾಣುತ್ತಿತ್ತು.

“ಟ್ಯೂನು ಚಿನ್ನ ಕಣ್ರಪ್ಪ,” ಅಂದರು. “ಅದನ್ನ ಮುಟ್ಟಬೇಡಿ. ಆದ್ರೆ ಈ ಮಾತು...” ಜಗದಾಂಬಾಳ ಪುಸ್ತಕಕ್ಕೆ ಕೈ ಚಾಚಿದರು. ಅವಳು ಎದ್ದು ಕೊಟ್ಟಳು. ಅವರು ಅಂಗಡಿಯ ಚೀಟಿ ಓದುವವರ ಹಾಗೆ, ರಾಗವಿಲ್ಲದೆ ಓದಿದರು:

“ಗೇಟಿಗೆ ಬೀಗ, ಬೀಗಕ್ಕೆ ತುಕ್ಕು,
ಬುತ್ತಿ ಹಿಡಿದ ಕೈಗೆ ಏನು ಹೇಳಲಿ?
ಎರಡು ಗಂಟೆ ಬಂತು, ಯಾರೂ ಕೂಗಲಿಲ್ಲ,
ಮಿಲ್ಲೇ, ನಿನ್ನ ಮಾತು ಎಲ್ಲಿ?”

“ಚೆನ್ನಾಗಿದೆ. ಪೆಂಡಾಲಲ್ಲಿ ನನಗೇ ಕಣ್ಣಲ್ಲಿ ನೀರು ಬಂತು. ಆದ್ರೆ ಮಿಲ್ಲು ಮುಚ್ಚಿದೆ ಅಂತ ಮಿಲ್ಲಿನವನಿಗೆ ಗೊತ್ತಿದೆ. ಗೊತ್ತಿರೋದನ್ನ ಮನೆಗೆ ತಂದು ಯಾರಮ್ಮ ಟೇಪಲ್ಲಿ ಹಾಕ್ಕೊಳ್ತಾರೆ? ಮರೀಲಿ ಅಂತ ತಾನೆ ಹಾಡು ಹಾಕೋದು.”

“ಮರೀಬಾರದು ಅಂತ್ಲೇ ಕಟ್ಟಿದ್ದು ಸಾರ್,” ಅಂದ ಪಂಚಾಕ್ಷರಿ.

“ಸರಿ ಕಣಪ್ಪ. ಇಟ್ಕೋ. ಶೆಡ್ಡಲ್ಲಿ ಹಾಡ್ಕೋ. ನಾನು ಬೇಡ ಅಂದ್ನಾ?” ರಾಮಯ್ಯನವರು ಬಿಸ್ಕತ್ತು ಮುರಿದರು. “ಮಿಲ್ಲು ಅಂತ ಇರೋ ಕಡೆ ಒಂದು ಹುಡುಗಿ ಕೂರಿಸಿ. ಬೀಗ ಇರ್ಲಿ, ಬೀಗ ಚೆನ್ನಾಗಿದೆ. ಗಿಟಾರಿಗೆ ಆ ಗೊರಗೊರ ಬೇಡ, ನೆಗಡಿ ಆದಂಗೆ ಕೇಳುತ್ತೆ. ಶ್ರುತಿ ಅವರು ಹೇಳಿದಂಗೆ. ಇದೊಂದು ಓಡ್ಲಿ. ಆಮೇಲೆ ನನ್ನ ಎಲ್ಲ ಕ್ಯಾಸೆಟ್ಟಿಗೂ ಗಿಟಾರ್ ನಿಂದೇ, ಬರೆದು ಕೊಡ್ತೀನಿ. ಈ ಕೈ ಇಟ್ಕೊಂಡು ತಗಡು ಒತ್ತೋ ಪ್ರೆಸ್ಸಿಗೆ ಯಾಕೆ ಹೋಗ್ತೀಯೋ?”

ಪಂಚಾಕ್ಷರಿ ಬಗ್ಗಿ ಗಿಟಾರಿನ ಪೆಟ್ಟಿಗೆಯ ಕೊಂಡಿ ತೆಗೆದ. ಅವನ ಕಿವಿಯ ತುದಿ ಕೆಂಪಾಗಿತ್ತು. ಅದು ಏನೆಂದು ಜಗದಾಂಬಾಳಿಗೆ ಗೊತ್ತಿತ್ತು. ಸಣ್ಣವನಿದ್ದಾಗ ಜಗಳಕ್ಕೆ ಮುಂಚೆ ಹೀಗೇ ಆಗುತ್ತಿತ್ತು.

“ಹಾಡು ಅವಳದು ಸಾರ್,” ಅಂದ, ತಲೆ ಎತ್ತದೆ. “ಅವಳನ್ನ ಕೇಳಿ. ಅವಳು ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ.”

ಅವಳು ಇಲ್ಲ ಎನ್ನುತ್ತಾಳೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಅದಕ್ಕೇ ಪೆಟ್ಟಿಗೆ ತೆರೆದಿಟ್ಟುಕೊಂಡಿದ್ದ.

ಎಲ್ಲರೂ ಅವಳನ್ನು ನೋಡಿದರು. ಇಷ್ಟು ಜನ ಒಟ್ಟಿಗೆ ನೋಡಿದರೆ ಅವಳಿಗೆ ನೆಲ ಕಾಣುತ್ತಿತ್ತೇ ಹೊರತು ಮುಖಗಳು ಕಾಣುತ್ತಿರಲಿಲ್ಲ. ಈಗ ಕಂಡದ್ದು ನಾಗರಾಜುವಿನ ಎಡಗೈ. ಡ್ರಮ್ಮಿನ ಕೋಲನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಅಂಗೈಗೆ ಬಿಗಿದುಕೊಂಡಿದ್ದ. ತೋರುಬೆರಳು ಎರಡನೆಯ ಗೆಣ್ಣಿನ ಹತ್ತಿರ ನಿಂತುಬಿಟ್ಟಿತ್ತು. ಹೋದ ಆಷಾಢದಲ್ಲಿ ಪವರ್ ಪ್ರೆಸ್ಸಿನ ಕೆಳಗೆ ಉಳಿದದ್ದನ್ನು ಬಿಟ್ಟುಬಂದಿದ್ದ. ಗಾಯ ಮಾಯ್ದ ಮೇಲೆ ಅವನನ್ನು ಪ್ಯಾಕಿಂಗಿಗೆ ಹಾಕಿದರು. ಆ ಪ್ರೆಸ್ಸಿನ ಮುಂದಿನ ಸ್ಟೂಲು ಖಾಲಿ ಇರಬಾರದಲ್ಲ, ಅದೇ ವರ್ಕ್‌ಶಾಪಿನಲ್ಲಿದ್ದ ಪಂಚಾಕ್ಷರಿಯನ್ನು ಅಲ್ಲಿ ಕೂರಿಸಿದರು. ಸಂಜೆ ಅಣ್ಣ ಬಂದು ಬಚ್ಚಲಲ್ಲಿ ಕೈ ಚಾಚಿದಾಗ ಚೊಂಬಿನಿಂದ ನೀರು ಹಾಕುವವಳು ಅವಳು. ಗ್ರೀಸು ತೊಳೆದು ಒಂದೊಂದೇ ಬೆರಳು ಹೊರಗೆ ಬರುವಾಗ ಅವಳು ಉಸಿರು ಹಿಡಿದಿರುತ್ತಿದ್ದಳು. ಹತ್ತನೆಯದು ಕಂಡ ಮೇಲೆಯೇ ಚೊಂಬು ಕೆಳಗಿಡುತ್ತಿದ್ದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಏನಮ್ಮ, ಆಗುತ್ತಾ?” ಅಂದರು ರಾಮಯ್ಯನವರು.

“ಪೆನ್ಸಿಲ್ ಇದ್ಯಾ ಸಾರ್?” ಅಂದಳು ಜಗದಾಂಬಾ.

ಪಂಚಾಕ್ಷರಿ ತಲೆ ಎತ್ತಿ ಅವಳನ್ನು ನೋಡಿದ. ಅವಳು ನೋಡಲಿಲ್ಲ.

ಪುಸ್ತಕ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಎದುರಿನ ಖಾಲಿ ಸೈಟಿನಲ್ಲಿ ಯಾರೋ ಜಲ್ಲಿ ಸುರಿಸುತ್ತಿದ್ದರು. ಬಹಳ ಹೊತ್ತು ಬೇಕಾಗುತ್ತದೆ, ಬಾರದೆಯೂ ಹೋಗಬಹುದು ಎಂದು ಅವಳಿಗೆ ಒಳಗೊಳಗೇ ಒಂದು ಆಸೆ ಇತ್ತು. ಬಾರದಿದ್ದರೆ ಅದು ಅವಳ ತಪ್ಪಲ್ಲ. ಆದರೆ ಪೆನ್ಸಿಲ್ಲು ಇಟ್ಟದ್ದೇ ತಡ, ಮಾತುಗಳು ಬಾಗಿಲಾಚೆ ಕಾದು ನಿಂತಿದ್ದ ನೆಂಟರ ಹಾಗೆ ಒಂದರ ಹಿಂದೆ ಒಂದು ಒಳಗೆ ಬಂದವು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಸಲೀಸಾಗಿ ಬಂದದ್ದಕ್ಕೇ ಅವಳಿಗೆ ಭಯವಾಯಿತು. ಮೊದಲಿನದನ್ನು ಬರೆಯಲು ಇಡೀ ಒಂದು ಬೇಸಗೆ ಹಿಡಿದಿತ್ತು.

“ತುಟಿಗೆ ಬೀಗ, ಬೀಗಕ್ಕೆ ನಗು,
ಹೂವು ಹಿಡಿದ ಕೈಗೆ ಏನು ಹೇಳಲಿ?
ಎರಡು ಗಂಟೆ ಕಾದೆ, ನೀನು ಬರಲಿಲ್ಲ,
ನಲ್ಲೇ, ನಿನ್ನ ಮಾತು ಎಲ್ಲಿ?”

ರಾಮಯ್ಯನವರು ಎರಡು ಸಲ ಓದಿ ತೊಡೆ ತಟ್ಟಿದರು. “ನೋಡ್ರೋ, ಓದಿದ ಹುಡುಗಿ ಅಂದ್ರೆ ಹೀಗೆ. ಇಷ್ಟು ಹೊತ್ತು ಒಬ್ಬೊಬ್ಬರೂ ಮುಖ ಊದಿಸ್ಕೊಂಡು ಕೂತಿದ್ರಿ.”

ಅಂಜಿ ಬಾಯಲ್ಲೇ ಒಮ್ಮೆ ಹಾಡಿ ನೋಡಿದ. ಕೂತಿತು. ನಾಗರಾಜು ರಬ್ಬರಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡ. ಪಂಚಾಕ್ಷರಿ ಪೆಟ್ಟಿಗೆ ಮುಚ್ಚಿದ, ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ಅವಳಿಗೆ ಅಭ್ಯಾಸಬಲದಿಂದ ಗಂಟಲು ಸಿದ್ಧವಾಗಿತ್ತು. ಗೋಡೆಯ ಕಡೆ ಅರ್ಧ ತಿರುಗಿಯೂ ಬಿಟ್ಟಿದ್ದಳು.

“ಶ್ರುತಿ ಕೊಡಿ ಸಾರ್,” ಅಂದ ಪಂಚಾಕ್ಷರಿ, ಕೀಬೋರ್ಡಿನ ಕಡೆ ನೋಡಿ.

ಆರು ತಂತಿಗಳನ್ನೂ ಒಂದೊಂದಾಗಿ ಏರಿಸಿದ. ಏರುವಾಗ ತಂತಿಗಳು ಕಿರ್ರೆಂದವು. ಕೊನೆಗೆ ಕೂಡಿಕೊಂಡಾಗ ಎಷ್ಟು ನುಣುಪಾಗಿ ಕೇಳಿಸಿತೆಂದರೆ, ಕೀಬೋರ್ಡಿನವರು ಕಣ್ಣು ಮುಚ್ಚಿ, “ಆಹಾ, ಈಗ ಬಂತು ಬಸ್ಸು,” ಅಂದರು.

ಆ ಸಂಜೆ ಬಸ್ಸಿನಲ್ಲಿ ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕೂತಿದ್ದರು. ಕಾಮಾಕ್ಷಿಪಾಳ್ಯ ಬರುವವರೆಗೂ ಅವನು ಕಿಟಕಿಯ ಆಚೆ ನೋಡುತ್ತಿದ್ದ. ಇಳಿಯುವಾಗ, “ಚೆನ್ನಾಗಿ ಬರೆದೆ ಕಣೇ,” ಅಂದ. ಬೈದಿದ್ದರೆ ಅವಳು ಬೆರಳಿನ ಮಾತು ಹೇಳಿಬಿಡುತ್ತಿದ್ದಳೇನೋ.

ಯುಗಾದಿಗೆ ಕ್ಯಾಸೆಟ್ಟು ಬಂತು. ಮೇಲೆ ಕೊಡೆ ಹಿಡಿದ ಯಾವಳೋ ಹುಡುಗಿಯ ಚಿತ್ರ. ‘ಸೆಕೆಂಡ್ ಶಿಫ್ಟ್’ ಎನ್ನುವುದು ಎಲ್ಲೂ ಇರಲಿಲ್ಲ. ಆ ಹೆಸರು ಫ್ಯಾಕ್ಟರಿ ವಾಸನೆ ಹೊಡೆಯುತ್ತದೆ ಎಂದು ರಾಮಯ್ಯನವರು ತೆಗೆಸಿದ್ದರು. ಹಾಡು ಮಾತ್ರ ಅವರು ಹೇಳಿದಂತೆಯೇ ಓಡಿತು. ಹಜಾಮರ ಅಂಗಡಿಯಲ್ಲಿ, ಟೀ ಅಂಗಡಿಯಲ್ಲಿ, ಆಟೋಗಳಲ್ಲಿ, ಮದುವೆ ಮನೆಯ ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ. ಬಟ್ಟೆ ಹೊಲಿಯುವ ಗಾರ್ಮೆಂಟ್ಸಿನಿಂದ ಗುಂಪಾಗಿ ಹೊರಬರುವ ಹುಡುಗಿಯರು ‘ತುಟಿಗೆ ಬೀಗ’ ಎಂದು ಗುನುಗುತ್ತ ಜಗದಾಂಬಾಳ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಟೈಪಿಂಗ್ ಕ್ಲಾಸಿನ ಕೆಳಗೆ ಒಂದು ಕ್ಯಾಸೆಟ್ ಅಂಗಡಿ. ಅವಳು ಮೇಲೆ ಅಕ್ಷರ ಕುಟ್ಟುತ್ತಿರುವಷ್ಟು ಹೊತ್ತೂ ಕೆಳಗೆ ಅದೇ ತಿರುಗುತ್ತಿತ್ತು. ಮನೆಯಲ್ಲಿ ಪಕ್ಕದ ಇಂದ್ರಮ್ಮನ ಟೇಪು. ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ, ಎಲ್ಲರೂ ಅವಳ ಅಣ್ಣನ ಹಾಡೆಂದು ಹೆಮ್ಮೆಯಿಂದ ಹಾಕುತ್ತಿದ್ದರು.

ರೇವಣಸಿದ್ದಪ್ಪ ಅದನ್ನು ಮೊದಲ ಸಲ ಕೇಳಿದ್ದು ಬಾಗಿಲ ಹೊಸ್ತಿಲ ಮೇಲೆ ಕೂತು. ಮೊದಲಿನ ಹಾಡು ಅವರಿಗೆ ಬಾಯಿಪಾಠ ಬರುತ್ತಿತ್ತು. ‘ಡಬ್ಬಿ’ ಎಂದು ಬರೆದಿದ್ದನ್ನು ‘ಬುತ್ತಿ’ ಎಂದು ತಿದ್ದಿದವರೇ ಅವರು. ಪೂರ್ತಿ ಕೇಳಿದರು. ಹತ್ತಿಯ ಧೂಳು ಕುಡಿದ ಎದೆ, ಒಂದು ಸುತ್ತು ಕೆಮ್ಮಿ ಸುಧಾರಿಸಿಕೊಂಡರು.

“ಯಾರದೋ ಹುಡುಗಿ ಬರಲಿಲ್ಲಂತ,” ಅಂದರು. “ಪಾಪ.”

ಊದುಬತ್ತಿಯ ಮಣೆಯ ಮುಂದಿದ್ದ ಜಗದಾಂಬಾ ಇನ್ನೊಂದು ಕಡ್ಡಿ ಎತ್ತಿಕೊಂಡು ಹೊಸೆದಳು.

ಆದರೆ ಮಳೆಗಾಲ ಶುರುವಾಗುವ ಮುಂಚೆ ಪಂಚಾಕ್ಷರಿ ಪ್ರೆಸ್ಸು ಬಿಟ್ಟ. ರಾಮಯ್ಯನವರು ಮಾತು ತಪ್ಪಲಿಲ್ಲ. ದೇವರ ನಾಮಕ್ಕೆ, ಲಾಲಿ ಹಾಡಿಗೆ, ಮಂಗಳಾರತಿಗೆ, ಎಲ್ಲದಕ್ಕೂ ಅವನ ಗಿಟಾರು. ಉಗುರಿನ ಸಂದಿಯ ಕಪ್ಪು ನಿಧಾನಕ್ಕೆ ಹೋಯಿತು. ಈಗ ಸಂಜೆ ಅವನೇ ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳುತ್ತಿದ್ದ. ಅವಳು ಅಡುಗೆಮನೆಯಿಂದ ಒಮ್ಮೊಮ್ಮೆ ಆ ಕೈಗಳನ್ನು ನೋಡುತ್ತಿದ್ದಳು, ಹತ್ತೂ ಇದ್ದವು. ತಾನು ಮಾಡಿದ್ದು ಸರಿ ಎಂದು ಆಗ ಅನ್ನಿಸುತ್ತಿತ್ತು. ಶುಕ್ರವಾರಗಳು ಒಂದೊಂದೇ ತಪ್ಪಿದವು. ಸ್ಟುಡಿಯೋಗೆ ಶುಕ್ರವಾರ ರಜೆಯಿಲ್ಲ.

ಹೀಗೆ ಒಂದು ವರ್ಷ ಕಳೆದು ಮತ್ತೊಂದು ಬೇಸಗೆ ಬಂತು. ಒಂದು ಬೆಳಿಗ್ಗೆ ಚಿಕ್ಕಮುನಿಯಪ್ಪನವರು ಮನೆಗೆ ಬಂದರು. ಮಿಲ್ಲಿನಲ್ಲಿ ರೇವಣಸಿದ್ದಪ್ಪನವರ ಜೊತೆ ಒಂದೇ ಸಾಲಿನಲ್ಲಿ ಕೆಲಸ ಮಾಡಿದವರು, ಈಗ ಯೂನಿಯನ್ನಿನ ಓಡಾಟ ನೋಡಿಕೊಳ್ಳುತ್ತಿದ್ದರು.

“ನಾಳೆ ಶನಿವಾರಕ್ಕೆ ಬೀಗ ಹಾಕಿ ಮೂರು ವರ್ಷ,” ಅಂದರು ಕಾಫಿ ಊದಿಕೊಳ್ಳುತ್ತ. “ಗೇಟ್ ಮುಂದೆ ಎಲ್ಲಾ ಸೇರ್ತಾ ಇದೀವಿ. ಇರೋಷ್ಟು ಜನ. ಪಂಚಾಕ್ಷರಿ, ನೀವು ಬಂದು ಹಾಡ್ಬೇಕಪ್ಪ. ಆ ಕ್ಯಾಸೆಟ್ಟಿಂದಲ್ಲ ಮತ್ತೆ. ಮೊದ್ಲಿಂದು. ನಮ್ಮದು.”

ಜಗದಾಂಬಾ ಬಾಗಿಲ ಮರೆಯಿಂದ ಅಣ್ಣನ ಮುಖ ನೋಡಿದಳು. ಒಂದು ವರ್ಷದಿಂದ ಕಾಣದಿದ್ದ ಹುರುಪಿನ ಮುಖ ಅದು. “ಬರ್ತೀವಿ ಮಾವ,” ಅಂದ ಪಂಚಾಕ್ಷರಿ, ಯೋಚನೆ ಮಾಡದೆ. “ಇವತ್ತು ಶುಕ್ರವಾರ ಅಲ್ವಾ? ಒಳ್ಳೇದಾಯ್ತು.”

ಎರಡು ಗಂಟೆಗೆ ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಲೇತಿನ ಮೇಲೆ ಅದೇ ಗೋಣಿಚೀಲ. ನಾಗರಾಜು ಹರಿದ ಸ್ಪೀಕರಿನ ಧೂಳು ಒರೆಸಿ ತಂತಿ ಸಿಕ್ಕಿಸಿದ. ಅದು ಗೊರ್ ಎಂದಿತು.

“ನೆಗಡಿ ಇನ್ನೂ ವಾಸಿಯಾಗಿಲ್ಲ ಮಗಾ,” ಅಂದ. ಎಲ್ಲರೂ ನಕ್ಕರು. ಜಗದಾಂಬಾಳಿಗೂ ನಗು ಬಂತು. ಅವಳು ಹಳೆಯ ಪುಸ್ತಕ ತಂದಿದ್ದಳು. ಅಂಜಿ ಅದನ್ನು ತೆರೆದು ಲೇತಿಗೆ ಒರಗಿಸಿಟ್ಟ. ಪಂಚಾಕ್ಷರಿ ಗಿಟಾರು ಹೆಗಲಿಗೆ ಹಾಕಿಕೊಂಡು ದಪ್ಪ ತಂತಿಯ ಬಿರಡೆಯ ಮೇಲೆ ಬೆರಳಿಟ್ಟ.

“ಶ್ರುತಿ ಕೊಡು ಜಗದಾ.”

ಅವಳು ಗೋಡೆಯ ಕಡೆ ತಿರುಗಿದಳು. ಸುಣ್ಣ ಕಿತ್ತು ಬಂದ ಅದೇ ಜಾಗ. ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಹುಡುಕದೆ, ಮೊದಲಿನ ಹಾಗೆಯೇ ಹಿಡಿದಳು. ನಾದ ಗಟ್ಟಿಯಾಗಿ ಬಂತು, ಅಲುಗಾಡಲಿಲ್ಲ.

ಪಂಚಾಕ್ಷರಿ ತಂತಿ ಮೀಟಿದ. ಬಿರಡೆ ಇಳಿಸಲೆಂದು ಬೆರಳು ಒತ್ತಿದವನು ಹಾಗೆಯೇ ನಿಂತ. ಇನ್ನೊಮ್ಮೆ ಮೀಟಿದ. ಇಳಿಸುವಂಥದ್ದು ಏನೂ ಇರಲಿಲ್ಲ. ನಿನ್ನೆಯಷ್ಟೇ ಸ್ಟುಡಿಯೋದಲ್ಲಿ ಕೀಬೋರ್ಡಿಗೆ ಕೂಡಿಸಿದ್ದ ತಂತಿ, ಮುಟ್ಟುವ ಮೊದಲೇ ತಂಗಿಯ ದನಿಯೊಳಗೆ ಕೂತಿತ್ತು.

“ಸಿಸ್ಟರ್,” ಅಂದ ನಾಗರಾಜು, ತಡೆದು. “ಇದು ಆ ಕ್ಯಾಸೆಟ್ಟಿಂದು ಅಲ್ವಾ?”

ಅವಳು ದನಿ ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಅದೇ ಬಂತು. ಮೂರನೆಯ ಸಲ ಬೇಕೆಂದೇ ಕೆಳಗೆ ಇಳಿದಳು.

“ಅಷ್ಟು ಕೆಳಗಲ್ಲ,” ಅಂದ ಪಂಚಾಕ್ಷರಿ.

ಒಂದಿಷ್ಟು ಏರಿದಳು.

“ಇದಾ?” ಅಂದ ಅಂಜಿ.

ನಾಲ್ಕು ಜನರೂ ಆ ಸೈರನ್ನು ಕೇಳಿ ಬೆಳೆದವರು. ಹುಡುಗರು ಮೂವರೂ ತಮ್ಮ ತಮ್ಮ ಗಂಟಲಲ್ಲಿ ಮೆಲ್ಲಗೆ ಹಿಡಿದು ನೋಡಿದರು. ಮೂರೂ ಬೇರೆ ಬೇರೆ ಇದ್ದವು. ಹರಿದ ಸ್ಪೀಕರು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು.

“ಯಾವುದಾದ್ರೇನು ಬಿಡು ಗುರು,” ಅಂದ ಅಂಜಿ ಕಡೆಗೆ. “ಬಯಲಲ್ಲಿ ನಿಂತು ಹಾಡೋದು. ಯಾರಿಗೆ ಗೊತ್ತಾಗುತ್ತೆ?”

ಪಂಚಾಕ್ಷರಿ ಬಿರಡೆಗಳನ್ನು ಅಂದಾಜಿನ ಮೇಲೆ ತುಸು ಇಳಿಸಿದ. ಹಾಡು ಶುರುವಾಯಿತು. ಗೇಟಿಗೆ ಬೀಗ, ಬೀಗಕ್ಕೆ ತುಕ್ಕು. ಎಲ್ಲ ಸರಿಯಾಗಿಯೇ ಇತ್ತು. ಜಗದಾಂಬಾ ಡಬ್ಬಿ ಜೋಡಿಸಿಕೊಂಡಳು. ಮೂಲೆಗೆ ಹೋಗಲಿಲ್ಲ, ಬಾಗಿಲು ದಾಟಿ ಹೊರಟಳು.

ದಾರಿಯಲ್ಲಿ ಹಜಾಮರ ಅಂಗಡಿಯಲ್ಲಿ ಅದೇ ಕ್ಯಾಸೆಟ್ಟು ತಿರುಗುತ್ತಿತ್ತು. ಮೊದಲ ಬಾರಿಗೆ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಬೀದಿಯ ಜನ ನೋಡುತ್ತಿದ್ದಾರೆ ಎನ್ನುವುದನ್ನೂ ಮರೆತು ನಡೆದಳು.

ರೇವಣಸಿದ್ದಪ್ಪ ಹೊಸ್ತಿಲ ಮೇಲೆ ಕೂತಿದ್ದರು. ನಾಳೆ ಗೇಟಿಗೆ ಹೋಗಲು ಹಳೆಯ ಖಾಕಿ ಅಂಗಿಯನ್ನು ಒಗೆಸಿ ಹಗ್ಗದ ಮೇಲೆ ಹಾಕಿಸಿದ್ದರು. ಅವಳು ಅವರ ಪಕ್ಕದಲ್ಲಿ ಕುಕ್ಕರಿಸಿದಳು.

“ಅಪ್ಪಾ, ಸೈರನ್ ಹೆಂಗಿತ್ತು?”

“ಯಾವುದವ್ವಾ?”

“ಮಿಲ್ಲಿಂದು. ಎರಡು ಗಂಟೇದು. ನಂಗೆ ಸಿಗ್ತಾ ಇಲ್ಲ.”

ಅವರು ನೆಟ್ಟಗೆ ಕೂತು ಉಸಿರು ಎಳೆದುಕೊಂಡರು. ಬಾಯಿ ತೆರೆದರು. ಒಳಗಿನಿಂದ ಬಂದದ್ದು ಗಾಳಿ; ಹತ್ತಿ ತುಂಬಿದ ಎದೆಯಿಂದ ಸೋರುವ ಬರಿಯ ಗಾಳಿ. ಕೆಮ್ಮು ಬಂತು. ಅವಳು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ಮತ್ತೆ ಪ್ರಯತ್ನಪಟ್ಟರು, ಮತ್ತೆ ಗಾಳಿಯೇ ಬಂತು.

“ಗೊತ್ತೈತಿ ನನಗ,” ಅಂದರು. “ಬಾಯಾಗ ಬರವಲ್ದು, ಅಷ್ಟ. ತಡಿ.”

ಬಲಗೈ ಎತ್ತಿದರು. ಅಂಗೈಯನ್ನು ನೆಲಕ್ಕೆ ಮಾಡಿ, ಮಗುವಿನ ಎತ್ತರ ತೋರಿಸುವವರಂತೆ, ಮೊಣಕಾಲ ಹತ್ತಿರದಿಂದ ನಿಧಾನವಾಗಿ ಮೇಲಕ್ಕೆ ತಂದರು. ಎದೆ ದಾಟಿತು, ಭುಜ ದಾಟಿತು. ಕಿವಿಯ ಮಟ್ಟಕ್ಕೆ ಬಂದು ನಿಂತಿತು.

“ಇಲ್ಲಿ,” ಅಂದರು. ಒಂದು ಕೂದಲೆಳೆಯಷ್ಟು ಇಳಿಸಿದರು. “ಅಲ್ಲ, ಇಲ್ಲಿ.”

ಜಗದಾಂಬಾ ಬಾಯಿ ಮುಚ್ಚಿಕೊಂಡು ಮೆಲ್ಲಗೆ ದನಿ ಹಿಡಿದಳು. ಅವರು ತಲೆಯಾಡಿಸಲಿಲ್ಲ. ಕಣ್ಣು ಮುಚ್ಚಿದ್ದರು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು, ಹಗ್ಗದ ಮೇಲಿನ ಖಾಕಿ ಅಂಗಿಯ ತೋಳು ಗಾಳಿಗೆ ಆಡಿತು. ಹೊಸ್ತಿಲ ಮೇಲೆ ಆ ಕೈ ಮಾತ್ರ ಗಾಳಿಯಲ್ಲಿ ಸ್ವಲ್ಪ ಏರಿ, ಸ್ವಲ್ಪ ಇಳಿದು, ಹಾಗೆಯೇ ಚಾಚಿಕೊಂಡಿತ್ತು.